ಆರ್ಕಿಡ್ ಗಿಡಕ್ಕೆ ಹಿಟ್ಟು ತಿಗಣೆ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸಿಟೌಟಿನಲ್ಲಿ (ಮನೆ ಮುಂದಿನ ಜಗಲಿಯಲ್ಲಿ) ಮತ್ತು ಬಾವಿಯ ಪಕ್ಕದ ನೆರಳು ಬಲೆಯ ಕೆಳಗೆ ನಲವತ್ತರಷ್ಟು ಆರ್ಕಿಡ್ ಚಟ್ಟಿಗಳಿವೆ. ಹೆಚ್ಚಿನವು ಡೆಂಡ್ರೋಬಿಯಂ, ಕೆಲವು ಫಲನಾಪ್ಸಿಸ್, ನಾಲ್ಕು ವಾಂಡ. ಸುಗ್ಗಿ ಕಳೆದು ಬಿಸಿಲೇರಿದ ಕೂಡಲೇ ನೆಂಟರು, ನೆರೆಕರೆಯವರು ಫೋಟೋ ಕಳಿಸಲು ಶುರು ಮಾಡುತ್ತಾರೆ. "ಇದೆಂಥ ಬಿಳಿ?" ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಹಿಟ್ಟು ತಿಗಣೆ (ಮೀಲಿಬಗ್) ಎಂದರೆ ಮೈಮೇಲೆ ಬಿಳಿ ಹುಡಿ ಹೊದ್ದು ಗಿಡದ ರಸ ಹೀರುವ ಸಣ್ಣ ಹುಳು. ಅವರಿಗೆ ಹೇಳುತ್ತಾ ಬಂದದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಲೆಯ ಬುಡದಲ್ಲಿ ಹತ್ತಿಯಂಥದ್ದು ಅಂಟಿದೆ. ಇದು ಹಿಟ್ಟು ತಿಗಣೆಯೇ?

ಒಂದು ಇಯರ್ ಬಡ್ ತೆಗೆದುಕೊಂಡು ಮೆಲ್ಲ ಒರಸಿ ನೋಡಿ. ಬಿಳಿ ಹುಡಿಯ ಕೆಳಗೆ ಮೊಟ್ಟೆಯಾಕಾರದ ಮೆತ್ತನೆಯ ಹುಳು ಸಿಕ್ಕಿದರೆ, ಅದನ್ನು ಒತ್ತಿದಾಗ ಹಳದಿ ಅಥವಾ ಕೆಂಪು ಛಾಯೆಯ ರಸ ಬಂದರೆ, ಸಂಶಯ ಬೇಡ. ಹುಳುವಿನ ಅಂಚಿನ ಸುತ್ತ ಸಣ್ಣ ಬಿಳಿ ಕೂದಲುಗಳಿರುತ್ತವೆ. ಒಂದು ಜಾತಿಗೆ ಹಿಂದೆ ಎರಡು ಉದ್ದ ಬಾಲ ಇರುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಬಿಳಿ ಕಂಡದ್ದೆಲ್ಲ ತಿಗಣೆ ಅಲ್ಲ. ಆರ್ಕಿಡ್ ಬೇರು ಒಣಗಿದಾಗ ಬೆಳ್ಳಗೆ ಕಾಣುತ್ತದೆ, ನೀರು ಬಿದ್ದರೆ ಹಸಿರಾಗುತ್ತದೆ. ಅದು ಬೇರಿನ ಗುಣ. ತೆಂಗಿನ ಸಿಪ್ಪೆಯ ಮೇಲೆ ಜೇಡನ ಬಲೆಯಂತೆ ಹರಡಿದ್ದರೆ ಅದು ಬೂಸ್ಟು. ಚಿಪ್ಪಿನ ಹಾಗೆ ಗಟ್ಟಿಯಾಗಿ ಅಂಟಿಕೊಂಡು, ಉಗುರಿನಿಂದ ಕೆರೆದರೆ ಮಾತ್ರ ಏಳುವಂಥದ್ದು ಶಲ್ಕ ಕೀಟ. ಅದು ತಿಗಣೆಗೆ ಹತ್ತಿರದ ಸಂಬಂಧಿ, ಮದ್ದೂ ಹೆಚ್ಚುಕಡಿಮೆ ಇದೇ.

ಹೂದಂಟಿನ ಮೇಲೆ ಅಂಟು ಹನಿ ಇದೆ, ಬಿಳಿ ಮಾತ್ರ ಎಲ್ಲೂ ಇಲ್ಲ. ಏನು ಮಾಡಲಿ?

ಏನೂ ಮಾಡಬೇಡಿ. ಹಲವು ಆರ್ಕಿಡ್‌ಗಳು ಮೊಗ್ಗಿನ ಬುಡದಲ್ಲಿ, ಹೂದಂಟಿನಲ್ಲಿ ತಾವಾಗಿಯೇ ಸಿಹಿ ರಸ ಸುರಿಸುತ್ತವೆ. ಆ ಹನಿ ತಿಳಿಯಾಗಿ, ಮುತ್ತಿನಂತೆ ನಿಂತಿರುತ್ತದೆ. ತಿಗಣೆಯ ಅಂಟು ಬೇರೆ ಥರ. ಅದು ಮೇಲಿನಿಂದ ಚಿಮುಕಿಸಿದ ಹಾಗೆ ಕೆಳಗಿನ ಎಲೆಗಳ ಮೇಲೆ, ಚಟ್ಟಿಯ ಅಂಚಿನಲ್ಲಿ, ಕೆಲವೊಮ್ಮೆ ನೆಲದ ಮೇಲೂ ಬಿದ್ದಿರುತ್ತದೆ. ಸ್ವಲ್ಪ ದಿನದಲ್ಲಿ ಅದರ ಮೇಲೆ ಮಸಿಯಂಥ ಕಪ್ಪು ಬೂಸ್ಟು ಬೆಳೆಯುತ್ತದೆ. ಹಾಗಿದ್ದರೆ ಹುಡುಕಿ. ಹುಳು ಎಲ್ಲೋ ಇದೆ.

ಎಲ್ಲಿ ಹುಡುಕಬೇಕು?

ಎಲೆಯ ಮೇಲ್ಭಾಗ ನೋಡಿ ಸುಮ್ಮನಾಗುವವರೇ ಜಾಸ್ತಿ. ಹಿಟ್ಟು ತಿಗಣೆಗೆ ಬೆಳಕು, ಗಾಳಿ ಬೇಡ. ಬೆನ್ನಿಗೂ ಹೊಟ್ಟೆಗೂ ಏನಾದರೂ ತಾಗಿಕೊಂಡಿರಬೇಕು. ಹಾಗಾಗಿ ಸಂದಿಗಳಲ್ಲೇ ಕೂರುತ್ತದೆ.

ಫಲನಾಪ್ಸಿಸ್‌ನಲ್ಲಿ ಎಲೆಗಳು ಒಂದರೊಳಗೊಂದು ಕೂತಿರುವ ಕಂಕುಳು, ಎಲೆಯಡಿಯ ನಡು ನರ, ಹೂದಂಟಿನ ಗಂಟು, ಅರಳಿದ ಹೂವಿನ ಬೆನ್ನು. ಡೆಂಡ್ರೋಬಿಯಂನಲ್ಲಿ ದಂಟಿಗೆ ಸುತ್ತಿಕೊಂಡ ಒಣ ಸಿಪ್ಪೆಯ ಒಳಗೆ. ಇದು ಅವುಗಳ ಕೋಟೆ. ಸಿಪ್ಪೆ ಪೂರ್ತಿ ಒಣಗಿದ್ದರೆ ಮೇಲಿನಿಂದ ಸೀಳಿ ಮೆಲ್ಲ ಸುಲಿದು ತೆಗೆಯಿರಿ. ಹಸಿರಾಗಿದ್ದರೆ ಎಳೆಯಬೇಡಿ, ಹೊಸ ದಂಟಿಗೆ ಗಾಯವಾಗುತ್ತದೆ. ಆಮೇಲೆ ಚಟ್ಟಿಯ ಅಂಚಿನ ಅಡಿ, ತಳದ ತೂತು, ನೇತುಹಾಕುವ ಸರಿಗೆಯ ತಿರುವು. ಗಿಡ ಸ್ವಚ್ಛ ಮಾಡಿ ಸರಿಗೆಯನ್ನು ಮರೆತರೆ ಕೆಲಸ ಮತ್ತೆ ಮೊದಲಿಂದ.

ನಮ್ಮ ಮನೆಗೆ ಇದು ಬಂದದ್ದು ಎಲ್ಲಿಂದ?

ಹೆಚ್ಚಾಗಿ ಹೊಸ ಗಿಡದ ಜೊತೆಗೆ. ನಾನೊಮ್ಮೆ ಒಂದು ನರ್ಸರಿಯಿಂದ ಹೂಬಿಟ್ಟ ಫಲನಾಪ್ಸಿಸ್ ತಂದು, ಚಂದ ಕಂಡಿತೆಂದು ಉಳಿದ ಚಟ್ಟಿಗಳ ನಡುವೆಯೇ ಇಟ್ಟೆ. ಎಲೆ, ಹೂ ಎಲ್ಲ ಶುದ್ಧವಾಗಿತ್ತು. ತಿಗಣೆ ಇದ್ದದ್ದು ಬೇರಿನಲ್ಲಿ. ಗೊತ್ತಾಗುವಾಗ ಪಕ್ಕದ ಆರು ಗಿಡಕ್ಕೆ ಹರಡಿತ್ತು. ಆ ಬೇಸಿಗೆ ಪೂರ್ತಿ ಅದರ ಹಿಂದೆಯೇ ಕಳೆದೆ. ಈಗ ಯಾರು ಕೊಟ್ಟ ಗಿಡವಾದರೂ ನಾಲ್ಕು ವಾರ ಬೇರೆ ಕಡೆ ಇಡುತ್ತೇನೆ, ತಂಗಿ ಕೊಟ್ಟದ್ದಾದರೂ ಸರಿ.

ಎರಡನೆಯ ದಾರಿ ಅಂಗಳದ ದಾಸವಾಳ. ನಮ್ಮ ಕಡೆ ದಾಸವಾಳ ಇಲ್ಲದ ಮನೆ ಇಲ್ಲ. ಪೇರಳೆ, ಪಪ್ಪಾಯಿ, ಕ್ರೋಟನ್ ಕೂಡ ಹಿಟ್ಟು ತಿಗಣೆಗೆ ಇಷ್ಟವೇ. ಹೊಸದಾಗಿ ಹುಟ್ಟಿದ ಮರಿ ಎಷ್ಟು ಹಗುರ ಎಂದರೆ ಗಾಳಿಯಲ್ಲೂ ತೇಲಿ ಬರುತ್ತದೆ, ನಿಮ್ಮ ಬಟ್ಟೆಗೆ ಅಂಟಿಕೊಂಡೂ ಬರುತ್ತದೆ. ದಾಸವಾಳದ ಚಿಗುರು ಮುರುಟಿ ಬೆಳ್ಳಗಾಗಿದ್ದರೆ ಆ ಗೆಲ್ಲನ್ನು ಮೊದಲು ಕತ್ತರಿಸಿ. ದೇವರಿಗೆ ಹೂ ಕೊಯ್ದ ಕೈಯಲ್ಲೇ ಆರ್ಕಿಡ್ ಮುಟ್ಟಬೇಡಿ.

ಕಂಡ ದಿನ ಮೊದಲು ಏನು ಮಾಡಬೇಕು?

ಮದ್ದು ಹುಡುಕಲು ಓಡಬೇಡಿ. ಮೊದಲು ಆ ಗಿಡವನ್ನು ಬೇರೆ ಮಾಡಿ. ಇನ್ನೊಂದು ಗಿಡದ ಎಲೆ ತಾಗದಷ್ಟು ದೂರ, ಇರುವೆ ಸಾಲು ಇಲ್ಲದ ಜಾಗ. ಆಮೇಲೆ ಅದರ ಅಕ್ಕಪಕ್ಕ ಇದ್ದ ಎಲ್ಲ ಚಟ್ಟಿಗಳನ್ನೂ ಒಂದೊಂದಾಗಿ ನೋಡಿ.

ನಂತರ ಕೈಕೆಲಸ. ಇಯರ್ ಬಡ್‌ಗಳು, ಮೆತ್ತನೆಯ ಹಳೆ ಹಲ್ಲುಜ್ಜುವ ಬ್ರಷ್, ಒಂದು ಲೋಟ ಸಾಬೂನು ನೀರು ಸಾಕು. ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದು ಆ ನೀರಿಗೆ ಹಾಕಿ. ಈ ಕೆಲಸ ಬೇಸರ ಹುಟ್ಟಿಸುತ್ತದೆ, ಒಂದು ಗಿಡಕ್ಕೆ ಅರ್ಧ ಗಂಟೆ ಬೇಕು. ಆದರೆ ಇದನ್ನು ಬಿಟ್ಟು ಬರೀ ಸಿಂಪಡಿಸಿದರೆ ಪ್ರಯೋಜನ ಕಡಿಮೆ. ಅವುಗಳ ಮೈಮೇಲಿನ ಹಿಟ್ಟು ಅಂದರೆ ಮೇಣ. ನೀರಿನಂಥ ಮದ್ದು ಆ ಮೇಣದ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರಿ ಹೋಗುತ್ತದೆ.

ಸ್ಪಿರಿಟ್ ಹಚ್ಚಬಹುದೇ?

ಹಚ್ಚಬಹುದು, ಒಳ್ಳೆಯ ಕೆಲಸ ಮಾಡುತ್ತದೆ. ಮೆಡಿಕಲ್ ಶಾಪಿನಲ್ಲಿ 70 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿ. ಅದು ಮೇಣವನ್ನು ದಾಟಿ ಹುಳುವಿನ ಮೈ ಒಣಗಿಸುತ್ತದೆ. 99 ಪರ್ಸೆಂಟಿನದು ಮಾತ್ರ ಸಿಕ್ಕಿದರೆ ಏಳು ಪಾಲಿಗೆ ಮೂರು ಪಾಲು ನೀರು ಸೇರಿಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ಬೇರೆ ಅಂಟು ವಸ್ತುಗಳಿರುತ್ತವೆ.

ಇಯರ್ ಬಡ್ ಅದ್ದಿ ಹುಳುವಿಗೇ ತಾಗಿಸಿ. ಗಿಡಕ್ಕೆಲ್ಲ ಸುರಿಯುವುದಲ್ಲ. ಫಲನಾಪ್ಸಿಸ್‌ನ ನಡು ಕುಡಿಯಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ನಿಂತರೆ ಕಾಗದದ ಚೂರಿನಿಂದ ಹೀರಿ ತೆಗೆಯಿರಿ. ಬೆಳಗ್ಗೆ ಬೇಗ ಅಥವಾ ಸಂಜೆ, ಬಿಸಿಲು ತಾಗದ ಹೊತ್ತಿನಲ್ಲಿ ಮಾಡಿ. ಮೊದಲ ಸಲವಾದರೆ ಒಂದು ಎಲೆಗೆ ಹಚ್ಚಿ ಎರಡು ದಿನ ಕಾದು ನೋಡಿ. ಬೇಗ ಬೆಂಕಿ ಹಿಡಿಯುವ ವಸ್ತು ಇದು. ತುಳಸಿಕಟ್ಟೆಯ ದೀಪ, ಬಚ್ಚಲ ಒಲೆ ಹತ್ತಿರ ಇಟ್ಟುಕೊಳ್ಳಲೇಬೇಡಿ.

ಬೇವಿನೆಣ್ಣೆ, ಸಾಬೂನು ಎಷ್ಟೆಷ್ಟು?

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ಸೌಮ್ಯವಾದ ದ್ರವ ಸಾಬೂನು. ಮೊದಲು ಸಾಬೂನು ಕರಗಿಸಿ, ಆಮೇಲೆ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ. ಹಾಲಿನ ಹಾಗೆ ಬೆಳ್ಳಗಾಗಬೇಕು. ಎಣ್ಣೆ ಮೇಲೆ ತೇಲುತ್ತಿದ್ದರೆ ಸಿಂಪಡಿಸಬೇಡಿ, ಎಲೆ ಸುಡುತ್ತದೆ. ಸಿಂಪಡಿಸುವಾಗ ನಡುನಡುವೆ ಕುಲುಕುತ್ತಿರಿ. ಉಳಿದದ್ದನ್ನು ನಾಳೆಗೆ ಇಡಬೇಡಿ.

ಬೇವಿನೆಣ್ಣೆ ಹಾಕಿದ ಮರುದಿನ ತಿಗಣೆ ಸಾಯುತ್ತದೆ ಎಂದು ಕಾಯಬೇಡಿ. ಮೈಗೆ ತಾಗಿದ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಉಳಿದವು ರಸ ಹೀರುವುದು ಕಡಿಮೆ ಮಾಡುತ್ತವೆ, ಪೊರೆ ಬಿಡಲಾಗದೆ ನಿಧಾನಕ್ಕೆ ಕಡಿಮೆಯಾಗುತ್ತವೆ. ಎಣ್ಣೆ ಬೇಡ ಎನ್ನುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು ಅಥವಾ ಹೊಂಗೆ ಸಾಬೂನು ಸಿಕ್ಕಿದರೆ ಬಳಸಬಹುದು. ಅಳತೆ ಪ್ಯಾಕೆಟಿನ ಮೇಲೆ ಇರುತ್ತದೆ.

ಬಟ್ಟೆ ಒಗೆಯುವ ಹುಡಿ ಬೇಡವೇ ಬೇಡ. ಆರಂಭದ ದಿನಗಳಲ್ಲಿ ನಾನು ಅದನ್ನು ಕದಡಿ ಮಾರ್ಚ್ ತಿಂಗಳ ಮಧ್ಯಾಹ್ನ ಎರಚಿದ್ದೆ. ಮೂರು ದಿನದಲ್ಲಿ ಒಂದು ಒಳ್ಳೆಯ ವಾಂಡದ ಎಲೆಗಳೆಲ್ಲ ಕಂದಿ ಹೋದವು. ಆ ಗಿಡ ಮತ್ತೆ ಚೇತರಿಸಲಿಲ್ಲ. ಈಗಲೂ ನೆನಪಾದರೆ ಬೇಸರವಾಗುತ್ತದೆ.

ಎಲ್ಲ ಮಾಡಿದೆ, ಹೋಯಿತು. ಹತ್ತು ದಿನಕ್ಕೆ ಮತ್ತೆ ಬಂತು! ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಅದು ಮತ್ತೆ ಬಂದದ್ದಲ್ಲ. ಹೋಗಿರಲೇ ಇಲ್ಲ. ಸಾಮಾನ್ಯವಾಗಿ ಕಾಣುವ ಜಾತಿಯಲ್ಲಿ ಒಂದು ಹೆಣ್ಣು ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಆ ಚೀಲದೊಳಕ್ಕೆ ಸಾಬೂನು, ಎಣ್ಣೆ ಸರಿಯಾಗಿ ಇಳಿಯುವುದಿಲ್ಲ. ನಮ್ಮ ಸೆಕೆಗೆ ಮೊಟ್ಟೆಗಳು ಒಂದು ವಾರ, ಹತ್ತು ದಿನದೊಳಗೆ ಒಡೆಯುತ್ತವೆ. ಒಡೆದು ಬಂದ ಮರಿ ಸುಮಾರು ಒಂದು ತಿಂಗಳಲ್ಲಿ ತಾನೇ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಉದ್ದ ಬಾಲದ ಜಾತಿ ಮರಿಯನ್ನೇ ಹಾಕುತ್ತದೆ, ಕಾಯುವ ಕೆಲಸವೇ ಇಲ್ಲ.

ಅಂದರೆ ಇವತ್ತು ನೀವು ಕೊಂದದ್ದು ಇವತ್ತು ಇದ್ದವನ್ನು ಮಾತ್ರ. ಮುಂದಿನ ವಾರ ಹುಟ್ಟುವವು ಇನ್ನೂ ಚೀಲದಲ್ಲಿವೆ. ಅವು ಹುಟ್ಟಿ, ಮೈಮೇಲೆ ಮೇಣ ಬೆಳೆಯುವ ಮೊದಲು ನಾವು ಅಲ್ಲಿರಬೇಕು. ಮರಿಯ ಮೇಲೆ ಹಿಟ್ಟು ಇರುವುದಿಲ್ಲ, ಆಗ ಸಾಬೂನು ನೀರೂ ಸಾಕಾಗುತ್ತದೆ. ಹಾಗಾಗಿ ಏಳು ದಿನಕ್ಕೊಮ್ಮೆ, ಕಡಿಮೆ ಎಂದರೆ ನಾಲ್ಕು ಸಲ. ಮೂರನೆಯ ವಾರ ಏನೂ ಕಾಣದಿದ್ದರೂ ಮಾಡಬೇಕು. ಅಲ್ಲೇ ಎಲ್ಲರೂ ಕೈಬಿಡುವುದು. ಆಮೇಲೆ "ಮದ್ದಿಗೆ ಪವರ್ ಇಲ್ಲ" ಎಂದು ಜೋರಿನ ಮದ್ದು ತರುತ್ತಾರೆ. ಪವರ್ ಕಡಿಮೆಯಾದದ್ದಲ್ಲ, ದಿನ ತಪ್ಪಿದ್ದು.

ನಾನು ಆದಿತ್ಯವಾರ ಬೆಳಗ್ಗೆ ಈ ಕೆಲಸಕ್ಕೇ ಇಟ್ಟಿದ್ದೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ನಾಲ್ಕು ಗುರುತು ಆದ ಮೇಲೆ ಇನ್ನೂ ಒಂದು ತಿಂಗಳು ಬರೀ ನೋಡುವುದು. ಆ ತಿಂಗಳು ಏನೂ ಕಾಣದಿದ್ದರೆ ಗಿಡ ತನ್ನ ಜಾಗಕ್ಕೆ ಹಿಂತಿರುಗುತ್ತದೆ.

ಹೂ ಅರಳಿದೆ. ಆಗಲೂ ಸಿಂಪಡಿಸಬಹುದೇ?

ಹೂವಿಗೆ ಎಣ್ಣೆಯೂ ಬೇಡ, ಸ್ಪಿರಿಟೂ ಬೇಡ. ಕಲೆ ಬೀಳುತ್ತದೆ, ಮೊಗ್ಗು ಉದುರುತ್ತದೆ. ಒದ್ದೆ ಬ್ರಷ್‌ನಿಂದ ಒಂದೊಂದೇ ತೆಗೆಯಿರಿ. ಜಾಸ್ತಿ ಇದ್ದರೆ ಹೂದಂಟನ್ನೇ ಕತ್ತರಿಸಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಗಿಡ ಉಳಿದರೆ ಹೂ ಇನ್ನೊಮ್ಮೆ ಬರುತ್ತದೆ ಅಲ್ವಾ?

ಬೇರಿನಲ್ಲಿ ಇದೆ ಎಂದು ಹೇಗೆ ತಿಳಿಯುವುದು?

ಮೇಲೆ ಏನೂ ಕಾಣುವುದಿಲ್ಲ, ಆದರೂ ಗಿಡ ಸೊರಗುತ್ತದೆ. ನೀರು ಹಾಕಿದರೂ ಎಲೆ ಸುಕ್ಕು. ಚಟ್ಟಿಯ ತೂತಿನಿಂದ ಇರುವೆ ಹೋಗಿ ಬರುತ್ತದೆ. ಹಾಗಿದ್ದರೆ ಗಿಡ ಹೊರಗೆ ತೆಗೆಯಲೇಬೇಕು.

ಹಳೆಯ ಸಿಪ್ಪೆ, ಇದ್ದಲು ಎಲ್ಲ ಬಿಡಿಸಿ. ಬೇರನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಕೊಳೆತು ಮೆತ್ತಗಾದ ಬೇರನ್ನು ಕತ್ತರಿಸಿ. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಬೆಂಕಿಗೆ ಹಿಡಿಯಿರಿ, ಆರ್ಕಿಡ್‌ನ ವೈರಸ್ ರೋಗಗಳು ಕತ್ತರಿಯಿಂದಲೇ ಹರಡುತ್ತವೆ. ಬೇರಿಗೆ ತೆಳ್ಳಗಿನ ಸಾಬೂನು ನೀರು ಹಾಕಿ ಬ್ರಷ್ ಮಾಡಿ, ಮತ್ತೆ ಒಳ್ಳೆಯ ನೀರಿನಲ್ಲಿ ತೊಳೆದು, ಒಂದು ದಿನ ನೆರಳಿನಲ್ಲಿ ಒಣಗಲು ಬಿಡಿ. ಆಮೇಲೆ ಹೊಸ ಮಿಶ್ರಣ. ನಾನು ಬಳಸುವುದು ಹಂಚಿನ ಚೂರು, ಇದ್ದಲು, ಸ್ವಲ್ಪ ತೆಂಗಿನ ಸಿಪ್ಪೆ. ಸಿಪ್ಪೆಯನ್ನು ಕೆಲವು ದಿನ ನೆನೆಸಿ, ಕೆಂಪು ನೀರು ಚೆಲ್ಲುತ್ತಾ ಬನ್ನಿ. ಆಮೇಲೆ ಹಾಕಿ.

ತೆಗೆದ ಹಳೆ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಒಣಗಿಸಿ ಬಚ್ಚಲ ಒಲೆಗೆ ಹಾಕಿ, ಸ್ನಾನಕ್ಕೆ ಬಿಸಿನೀರೂ ಆಯಿತು.

ಇರುವೆಗೂ ಇದಕ್ಕೂ ಏನು ಸಂಬಂಧ?

ತುಂಬ ಹತ್ತಿರದ ಸಂಬಂಧ. ತಿಗಣೆ ಗಿಡದ ರಸವನ್ನು ಬೇಕಾದದ್ದಕ್ಕಿಂತ ಜಾಸ್ತಿ ಹೀರಿ, ಉಳಿದ ಸಿಹಿಯನ್ನು ಹನಿಹನಿಯಾಗಿ ಹೊರಗೆ ಬಿಡುತ್ತದೆ. ಇರುವೆಗೆ ಅದೇ ಊಟ. ಊಟ ಕೊಡುವವರನ್ನು ಯಾರೂ ಬಿಟ್ಟುಕೊಡುವುದಿಲ್ಲ. ತಿಗಣೆ ತಿನ್ನಲು ಬಂದ ಹುಳುಗಳನ್ನು ಇರುವೆ ಓಡಿಸುತ್ತದೆ, ಮರಿಗಳನ್ನು ಹೊಸ ಚಿಗುರಿಗೆ ಹೊತ್ತೊಯ್ಯುವುದೂ ಇದೆ. ನಮ್ಮ ತೋಟದ ಚಗಳಿ ಇರುವೆಯೂ ಹೀಗೆ ಎಲೆಗೂಡಿನೊಳಗೆ ಇಂಥ ಹುಳುಗಳನ್ನು ಸಾಕುತ್ತದೆ.

ಹಾಗಾಗಿ ಇರುವೆ ನಿಲ್ಲಿಸದೆ ತಿಗಣೆ ನಿಲ್ಲುವುದಿಲ್ಲ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿ ಇಡಿ, ಹಿಂದೆ ಅಡುಗೆಮನೆಯ ಕಪಾಟಿಗೆ ಮಾಡುತ್ತಿದ್ದ ಹಾಗೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಹುಟ್ಟುತ್ತದೆ. ನೇತುಹಾಕಿದ ಚಟ್ಟಿಯಾದರೆ ಸರಿಗೆಗೆ ಸ್ವಲ್ಪ ಗ್ರೀಸ್ ಬಳಿಯಿರಿ. ಗೋಡೆಗೆ, ಬಳ್ಳಿಗೆ ತಾಗುವ ಎಲೆ ಒಂದಿದ್ದರೂ ಸಾಕು, ಅದೇ ಅವುಗಳ ಸೇತುವೆ.

ಅಡಿಕೆಗೆ ಮದ್ದು ಬಿಡುವಾಗ ಉಳಿದ ಬೋರ್ಡೋ ಇದೆ. ಹಾಕಲೇ?

ಬೇಡ. ಮೈಲುತುತ್ತ ಮತ್ತು ಸುಣ್ಣದ ಆ ಮದ್ದು ಕೊಳೆರೋಗದ ಶಿಲೀಂಧ್ರಕ್ಕೆ. ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಗಿಡಕ್ಕೆ ಮಾತ್ರ ಆಗುತ್ತದೆ. ಡೆಂಡ್ರೋಬಿಯಂಗೆ ತಾಮ್ರ ಆಗಿಬರುವುದಿಲ್ಲ. ಅಡಿಕೆಗೆ ಮದ್ದು ಬಿಡುವ ದಿನ ತೋಟದ ಹತ್ತಿರದ ಚಟ್ಟಿಗಳನ್ನು ಒಳಗೆ ಇಡುವುದು ಒಳ್ಳೆಯದು.

ಹೊಗೆಸೊಪ್ಪಿನ ಕಷಾಯ?

ಹಿರಿಯರು ಬಳಸುತ್ತಿದ್ದರು, ಹುಳು ಸಾಯುವುದೂ ನಿಜ. ಆದರೆ ಅದರ ನಿಕೋಟಿನ್ ಮನುಷ್ಯರಿಗೂ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮಕ್ಕಳು ಆಡುವ ಸಿಟೌಟಿನಲ್ಲಿ ಇದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜೋರಿನ ಕೀಟನಾಶಕ ಹಾಕಿ ಒಂದೇ ಸಲಕ್ಕೆ ಮುಗಿಸಬಾರದೇ?

ಇಮಿಡಾಕ್ಲೋಪ್ರಿಡ್, ಥಯಾಮಿಥಾಕ್ಸಾಮ್‌ನಂಥ ಮದ್ದುಗಳಿವೆ. ಗಿಡ ಅವನ್ನು ಹೀರಿಕೊಳ್ಳುತ್ತದೆ, ರಸ ಕುಡಿದ ತಿಗಣೆ ಸಾಯುತ್ತದೆ. ನೂರಾರು ಗಿಡ ಬೆಳೆದು ಮಾರುವವರಿಗೆ ಬೇಕಾಗಬಹುದು. ಹತ್ತು ಚಟ್ಟಿ ಇರುವ ಮನೆಗೆ ಬೇಡ ಎನ್ನುತ್ತೇನೆ.

ಕಾರಣ ಹೇಳುತ್ತೇನೆ. ನಾವು ಕಾಸರಗೋಡಿನವರು. ಇಲ್ಲಿನ ಗುಡ್ಡೆಗಳ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಎಣ್ಮಕಜೆ, ಪಡ್ರೆಯ ಕಡೆಯ ಮನೆಗಳಲ್ಲಿ ಇವತ್ತಿಗೂ ಹಾಸಿಗೆಯಲ್ಲೇ ಇರುವ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರಿದ್ದಾರೆ. ಇಮಿಡಾಕ್ಲೋಪ್ರಿಡ್ ಮತ್ತು ಎಂಡೋಸಲ್ಫಾನ್ ಒಂದೇ ಎಂದು ನಾನು ಹೇಳುತ್ತಿಲ್ಲ, ಎರಡೂ ಬೇರೆ. ಆದರೆ ಚಂದಕ್ಕೆ ಇಟ್ಟ ಹೂವಿನ ಗಿಡಕ್ಕಾಗಿ ಮನೆಯೊಳಗೆ ವಿಷದ ಬಾಟಲಿ ತರಲು ನನಗೆ ಮನಸ್ಸಿಲ್ಲ. ನಮ್ಮ ನೀರು ಬಾವಿಯದು, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ್ದು. ಮುರಕಲ್ಲಿನ ನೆಲ, ಮೇಲೆ ಚೆಲ್ಲಿದ್ದು ಕೆಳಗೆ ಇಳಿಯುತ್ತದೆ. ಮುಜಂಟಿ ಜೇನಿನ ಪೆಟ್ಟಿಗೆ ಇಟ್ಟವರು ಇನ್ನೂ ಜಾಗ್ರತೆ ಇರಬೇಕು, ಈ ಮದ್ದುಗಳು ಜೇನಿಗೆ ಕೆಟ್ಟವು.

ಬೇರೆ ದಾರಿಯೇ ಇಲ್ಲ ಎಂದಾದರೆ ಕೃಷಿಭವನದಲ್ಲಿ (ಕೃಷಿ ಇಲಾಖೆಯ ಸ್ಥಳೀಯ ಕಚೇರಿ) ಕೇಳಿ ಅವರು ಹೇಳಿದ್ದನ್ನೇ ತನ್ನಿ. ಬಾಟಲಿಯ ಮೇಲಿನ ಬಣ್ಣ ನೋಡಿ. ಕೆಂಪು ಎಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೈಗವಸು, ಮಾಸ್ಕ್ ಹಾಕಿ ಹೊರಗೆ, ಬಾವಿಯಿಂದ ದೂರ ಸಿಂಪಡಿಸಿ. ಲೇಬಲಿನ ಅಳತೆಗಿಂತ ಒಂದು ಹನಿಯೂ ಜಾಸ್ತಿ ಬೇಡ.

ದೊಡ್ಡ ಬಿಳಿ ಹುಳು ಒಂದು ಬೇಗ ಬೇಗ ಓಡಾಡುತ್ತಿದೆ. ಇದು ತಿಗಣೆಯ ಅಮ್ಮನೇ?

ದಯವಿಟ್ಟು ಅದನ್ನು ಕೊಲ್ಲಬೇಡಿ! ಅದು ಗುಲಗಂಜಿ ಹುಳುವಿನ ಜಾತಿಯ ಒಂದು ಮರಿ, ಹೆಸರು ಕ್ರಿಪ್ಟೊಲೀಮಸ್. ತಿಗಣೆಯ ಹಾಗೆಯೇ ಬಿಳಿ ಮೇಣ ಹೊದ್ದು, ತಿಗಣೆಗಳ ನಡುವೆಯೇ ಇದ್ದು, ಅವನ್ನೇ ತಿನ್ನುತ್ತದೆ. ತಿಗಣೆಗಿಂತ ದೊಡ್ಡದು, ಮೈಮೇಲಿನ ಮೇಣದ ಎಳೆಗಳು ಉದ್ದ, ಓಟ ಚುರುಕು. ಬೆಳೆದ ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆ. ಆಸ್ಟ್ರೇಲಿಯಾದ ಈ ಹುಳುವನ್ನು ಕಾಫಿಯ ಕೀಟಕ್ಕಾಗಿ 1898ರಲ್ಲಿ ಭಾರತಕ್ಕೆ ತಂದರು. ಈಗ ದಕ್ಷಿಣದ ತೋಟಗಳಲ್ಲಿ ನೆಲೆಸಿದೆ.

ಇನ್ನೊಂದು ಪುಟ್ಟ ಚಿಟ್ಟೆ ಇದೆ, ಅದರ ಹುಳುವೂ ಹಿಟ್ಟು ತಿಗಣೆ ತಿಂದೇ ಬೆಳೆಯುತ್ತದೆ. ಅದರ ಕೋಶ ನೋಡಿದರೆ ಮಂಗನ ಮುಖದ ಹಾಗೆಯೇ ಇರುತ್ತದೆ. ನಮ್ಮ ದಾಸವಾಳದಲ್ಲಿ ಮೊದಲ ಸಲ ಕಂಡಾಗ ಮಕ್ಕಳನ್ನೆಲ್ಲ ಕರೆದು ತೋರಿಸಿದ್ದೆ. ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣದಲ್ಲೆಲ್ಲ ಹಬ್ಬಿದಾಗಲೂ ಹತೋಟಿಗೆ ತಂದದ್ದು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಸಣ್ಣ ಕಣಜ. ಇಂಥವು ಕಂಡ ಗಿಡಕ್ಕೆ ಏನೂ ಸಿಂಪಡಿಸದೆ ಎರಡು ವಾರ ಬಿಟ್ಟು ನೋಡಿ.

ಮಳೆಗಾಲದಲ್ಲಿ ತಾನಾಗಿಯೇ ಹೋಗುತ್ತದಂತೆ, ನಿಜವೇ?

ಬಯಲಲ್ಲಿರುವ ಗಿಡಕ್ಕೆ ಸುಮಾರು ನಿಜ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ನಮ್ಮ ಮಳೆ ಹಿಡಿದರೆ ಎಂಥ ತಿಗಣೆಯೂ ತೊಳೆದು ಹೋಗುತ್ತದೆ. ನಮ್ಮ ಹಲಸಿನ ಮರದ ಮೇಲೆ ತಾನಾಗಿ ಬೆಳೆದ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಇದೆ. ಅದರಲ್ಲಿ ನಾನು ಒಮ್ಮೆಯೂ ಹಿಟ್ಟು ಕಂಡಿಲ್ಲ. ಮಳೆ, ಗಾಳಿ, ತಿನ್ನುವ ಹುಳು ಎಲ್ಲ ಅಲ್ಲಿವೆ. ಆದರೆ ಸಿಟೌಟಿನ ಚಟ್ಟಿಗೆ ಮಳೆ ತಾಗುವುದೇ ಇಲ್ಲ. ಅಲ್ಲಿ ಜೋರು ಮಳೆಯ ಆಟಿ ತಿಂಗಳಲ್ಲೂ ತಿಗಣೆ ಹಾಯಾಗಿರುತ್ತದೆ. ಹಾಗೆಂದು ಫಲನಾಪ್ಸಿಸನ್ನು ಮಳೆಗೆ ಹಿಡಿಯಬೇಡಿ, ಕುಡಿಯಲ್ಲಿ ನೀರು ನಿಂತು ಕೊಳೆಯುತ್ತದೆ.

ಅಂಗಡಿಯಲ್ಲಿ ಏನೆಂದು ಕೇಳಬೇಕು?

ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಎಷ್ಟೋ ಲೇಬಲ್ ಮಲಯಾಳದಲ್ಲೇ ಇರುತ್ತದೆ. ಹಿಟ್ಟು ತಿಗಣೆಗೆ ಅಲ್ಲಿ ಮೀಲಿಮೂಟ್ಟ ಎನ್ನುತ್ತಾರೆ, ಬೇವಿನೆಣ್ಣೆಗೆ ವೇಪ್ಪೆಣ್ಣ. ಸಂಶಯವಿದ್ದರೆ ಹುಳುವನ್ನು ಒಂದು ಸಣ್ಣ ಡಬ್ಬಿಯಲ್ಲಿ ಮುಚ್ಚಿ ನಿಮ್ಮ ಪಂಚಾಯತಿನ ಕೃಷಿಭವನಕ್ಕೆ ಒಯ್ಯಿರಿ. ಕೂಡ್ಲಿನ ಸಿಪಿಸಿಆರ್‌ಐಯಲ್ಲಿರುವ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು.

ಯಾವಾಗ ಗಿಡದ ಆಸೆ ಬಿಡಬೇಕು?

ಫಲನಾಪ್ಸಿಸ್‌ನ ಕುಡಿ ಕೊಳೆತು, ಗಟ್ಟಿ ಬೇರು ಒಂದೂ ಉಳಿಯದಿದ್ದರೆ. ಡೆಂಡ್ರೋಬಿಯಂನ ದಂಟುಗಳೆಲ್ಲ ಸುಕ್ಕಾಗಿ ಹಳದಿಯಾಗಿದ್ದರೆ. ಒಂದು ದಂಟು ಹಸಿರಿದ್ದರೂ ಪ್ರಯತ್ನ ಮಾಡಿ. ಉಳಿದ ಮೂವತ್ತು ಗಿಡಗಳಿಗೆ ಹರಡುವ ಭಯವಿದ್ದರೆ ಮಾತ್ರ ಬೇಗ ತೀರ್ಮಾನಿಸಿ.

ಗಿಡ ಉಳಿಯಿತು. ಇನ್ನು ಹೂ ಯಾವಾಗ?

ಗೊಬ್ಬರ ಸುರಿದು ಅವಸರ ಮಾಡಬೇಡಿ. ಸಾರಜನಕ ಜಾಸ್ತಿಯಾದರೆ ಚಿಗುರು ರಸತುಂಬಿ ಮೆತ್ತಗಾಗುತ್ತದೆ, ತಿಗಣೆಗೆ ಅದೇ ಬೇಕಾದದ್ದು. ಡೆಂಡ್ರೋಬಿಯಂ ಬುಡದಿಂದ ಹೊಸ ದಂಟು ಹಾಕುತ್ತದೆ. ಆ ದಂಟು ಬಲಿತ ಮೇಲೆ ಹೂ. ಫಲನಾಪ್ಸಿಸ್‌ಗೆ ಹೂದಂಟು ಮೂಡಲು ಸ್ವಲ್ಪ ತಂಪು ಬೇಕು. ನಮ್ಮಲ್ಲಿ ಅದು ಸಿಗುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ. ಹಳೆ ಎಲೆಯ ಹಳದಿ ಚುಕ್ಕೆಗಳು ಹೋಗುವುದಿಲ್ಲ, ಅವು ಹಾಗೆಯೇ ಇರಲಿ. ಹೊಸ ಎಲೆ ನೋಡಿ. ಹೂದಂಟು ಮೂಡಿದ ವಾರದಿಂದ ಅದರ ಗಂಟುಗಳನ್ನೂ ಆದಿತ್ಯವಾರದ ಪರೀಕ್ಷೆಗೆ ಸೇರಿಸಿಕೊಳ್ಳಿ.